ಮಳೆ ಸುರಿಯುವ ಊರಿನ ಬೇಸಿಗೆ ಬರ: ಕಾಸರಗೋಡು ಬ್ಲಾಕಿನ ಪಂಚಾಯತುಗಳು ಮತ್ತು ತೋಡಿನ ನೀರು, ಒಂದು ಪ್ರಕರಣ ಅಧ್ಯಯನ

ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಸಣ್ಣದು ದೊಡ್ಡದು ಸೇರಿ 12 ಹೊಳೆಗಳಿವೆ. ಕೇರಳದ ಬೇರೆ ಯಾವ ಜಿಲ್ಲೆಯಲ್ಲೂ ಇಷ್ಟಿಲ್ಲ. ಹೀಗಿದ್ದೂ 2017ರ ಅಂತರ್ಜಲ ಅಂದಾಜಿನಲ್ಲಿ ಕಾಸರಗೋಡು ಬ್ಲಾಕ್ ‘ಕ್ರಿಟಿಕಲ್’ ಪಟ್ಟಿಗೆ ಬಿತ್ತು. ವರ್ಷಕ್ಕೆ ತೆಗೆಯಬಹುದಾದ ಅಂತರ್ಜಲದಲ್ಲಿ ಶೇಕಡಾ 90ರಿಂದ 100ರಷ್ಟನ್ನು ಜನ ತೆಗೆದು ಮುಗಿಸುತ್ತಿದ್ದಾರೆ ಎಂದಾದರೆ ಆ ಪಟ್ಟಿ. ಆ ಸಲ ರಾಜ್ಯದಲ್ಲಿ ಇದರ ಜೊತೆಗಿದ್ದದ್ದು ಪಾಲಕ್ಕಾಡಿನ ಮಲಂಪುಳ, ಇನ್ನೂ ಕೆಟ್ಟ ಸ್ಥಿತಿಯಲ್ಲಿದ್ದದ್ದು ಅದೇ ಜಿಲ್ಲೆಯ ಚಿತ್ತೂರು. ಅವೆರಡಕ್ಕೂ ಮಳೆ ಕಡಿಮೆ ಎಂಬ ಕಾರಣವಾದರೂ ಇದೆ. ಕಾಸರಗೋಡಿಗೆ ಅದಿಲ್ಲ.

ಈ ಬ್ಲಾಕಿನಲ್ಲಿ ಆರು ಗ್ರಾಮ ಪಂಚಾಯತುಗಳು: ಕುಂಬಳೆ, ಬದಿಯಡ್ಕ, ಮಧೂರು, ಮೊಗ್ರಾಲ್ ಪುತ್ತೂರು, ಚೆಂಗಳ, ಚೆಮ್ನಾಡು. ಉತ್ತರಕ್ಕೆ ಮಂಜೇಶ್ವರ ಬ್ಲಾಕಿನ ಏಳು ಪಂಚಾಯತುಗಳು, ಪೂರ್ವಕ್ಕೆ ಕಾರಡ್ಕ ಬ್ಲಾಕಿನ ಕುಂಬಡಾಜೆ, ಬೆಳ್ಳೂರು. ಮಣ್ಣು ಒಂದೇ, ಬೆಳೆ ಒಂದೇ, ಬೇಸಿಗೆಯ ಕಷ್ಟವೂ ಒಂದೇ. ಈ ಪಂಚಾಯತುಗಳು ಹವಾಮಾನದ ಏರುಪೇರಿಗೆ ತಯಾರಾಗಲು ಏನು ಮಾಡಿದವು, ಅದರಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ, ಏಕೆ ಎನ್ನುವುದು ಇಲ್ಲಿನ ವಿಷಯ. ನಮ್ಮ ತೀರ್ಮಾನವನ್ನು ಮೊದಲೇ ಹೇಳುತ್ತೇವೆ: ಇಲ್ಲಿ ದುಡ್ಡಿನ ಕೊರತೆಗಿಂತ ತಾರೀಕಿನ ತಪ್ಪು ದೊಡ್ಡದು. ತೋಡಿಗೆ, ಅಂದರೆ ಊರಿನ ಸಣ್ಣ ಹಳ್ಳಕ್ಕೆ, ಅದರದ್ದೇ ಆದ ಕಾಲಗಣನೆ ಇದೆ, ಪಂಚಾಯತಿನ ಕಡತಕ್ಕೆ ಇನ್ನೊಂದು. ಎರಡೂ ಕೂಡಿದ ವಾರ್ಡಿನಲ್ಲಿ ಮಾರ್ಚಿನಲ್ಲೂ ಬಾವಿಯಲ್ಲಿ ನೀರಿರುತ್ತದೆ.

ನೀರು ನಿಲ್ಲದಿರುವುದೇಕೆ

ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ತೆಂಕಣ ಕೇರಳಕ್ಕೆ ತುಲಾ ಮಳೆ (ಅಕ್ಟೋಬರ್-ನವೆಂಬರಿನ ಹಿಂಗಾರು) ಕೊಡುವ ಆಸರೆ ಇಲ್ಲಿಗೆ ಸಿಗುವುದಿಲ್ಲ. ನವೆಂಬರ್ ಮಧ್ಯದ ಮೇಲೆ ಮೇ ತನಕ ಲೆಕ್ಕಕ್ಕೆ ಸಿಗುವ ಮಳೆ ಕಡಿಮೆ. ಇಷ್ಟು ಹೊತ್ತು ನೀರು ಹಿಡಿದಿಡಬೇಕಾದ್ದು ಗುಡ್ಡೆ. ಆದರೆ ಇಲ್ಲಿನ ಗುಡ್ಡೆಯ ನೆತ್ತಿ ಮುರಕಲ್ಲಿನ (ಕೆಂಪುಕಲ್ಲಿನ) ಪಾರೆ: ಮೇಲ್ಮೈ ಗಟ್ಟಿ, ಮಣ್ಣಿನ ಪದರ ತೆಳು, ಮಳೆನೀರು ಬಿರುಕು ಸಿಕ್ಕಿದಲ್ಲಿ ಮಾತ್ರ ಇಳಿಯುತ್ತದೆ, ಉಳಿದದ್ದು ಜಾರಿ ತೋಡಿಗೆ ಹೋಗುತ್ತದೆ. ಇಳಿದ ನೀರೂ ಬಹುಕಾಲ ನಿಲ್ಲುವುದಿಲ್ಲ. ಮುರಕಲ್ಲಿನ ಒಳಗೆಲ್ಲ ತೂತು. ಅದರ ಅಡಿಯ ಶೇಡಿ ಮಣ್ಣಿನ (ಮೆದು ಜೇಡಿಯ) ಪದರ ನೀರನ್ನು ಕೆಳಕ್ಕೆ ಬಿಡದೆ ಅಡ್ಡಕ್ಕೆ ತಳ್ಳುತ್ತದೆ. ಗುಡ್ಡೆಗಳ ನಡುವಿನ ತಗ್ಗು ಬೈಲಿನ ಬದಿಯಲ್ಲಿ ಅದು ಒರತೆಯಾಗಿ ಹೊರಬಂದು, ಅಲ್ಲಿಂದ ಕಡಲಿಗೆ ಕೆಲವೇ ಗಂಟೆಗಳ ದಾರಿ.

ಮೊದಲು ಬೈಲಿನಲ್ಲಿ ಗದ್ದೆಗಳಿದ್ದವು. ಮಳೆಗಾಲದ ಉದ್ದಕ್ಕೂ ಬದುವಿನೊಳಗೆ ನಿಂತ ನೀರು ಇಂಗುತ್ತಿತ್ತು. ಗದ್ದೆ ತೋಟವಾದ ಮೇಲೆ ಲೆಕ್ಕ ತಿರುಗಿತು. ಅಡಕೆಗೆ ನಿಂತ ನೀರು ಆಗದು, ಹಾಗಾಗಿ ಮಳೆಗಾಲದಲ್ಲಿ ಕಣಿ ತೋಡಿ ನೀರನ್ನು ಬೇಗ ಹೊರಹಾಕುತ್ತಾರೆ. ಬೇಸಿಗೆಯಲ್ಲಿ ಅದೇ ತೋಟಕ್ಕೆ ನೀರು ಬೇಕು. ಕೆರೆ ಸಾಲದೆ ಕೊಳವೆಬಾವಿ ಬಂತು. ಗಟ್ಟಿ ಶಿಲೆಯ ಬಿರುಕಿನ ನೀರನ್ನು ಎತ್ತಿದ ಹಾಗೆ ಮೇಲಿನ ಪದರದ ಬಾವಿ, ಸುರಂಗ (ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ದಾರಿ), ಒರತೆಗಳೂ ಬೇಗ ಬತ್ತತೊಡಗಿದವು.

ಈ ಹಳೆಯ ಕಷ್ಟದ ಮೇಲೆ ಹವಾಮಾನದ ಹೊಸ ಕಷ್ಟ ಬಂದು ಕೂತಿದೆ. 2018ರ ಆಗಸ್ಟ್ ಪ್ರವಾಹದ ನಂತರ ಕೆಲವೇ ವಾರಗಳಲ್ಲಿ ಕೇರಳದ ಹಲವೆಡೆ ಬಾವಿ, ಹೊಳೆಗಳ ಮಟ್ಟ ಸರ್ರನೆ ಇಳಿಯಿತು. 2023ರ ಮುಂಗಾರಿನಲ್ಲಿ ರಾಜ್ಯಕ್ಕೆ ಬರಬೇಕಾದ ಮಳೆಯಲ್ಲಿ ಶೇಕಡಾ 34ರಷ್ಟು ಬರಲೇ ಇಲ್ಲ. 2024ರ ಡಿಸೆಂಬರ್ ಮೊದಲ ವಾರ, ತೋಡಿಗೆ ಅಡ್ಡಲಾಗಿ ಕಟ್ಟ (ನೀರು ತಡೆಯುವ ಒಡ್ಡು) ಹಾಕುವ ಹೊತ್ತಿನಲ್ಲೇ, ಫೆಂಗಲ್ ಚಂಡಮಾರುತದ ಉಳಿಕೆ ಇಲ್ಲಿಗೂ ಭಾರಿ ಮಳೆ ತಂದಿತು. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು. ವಾಡಿಕೆಗಿಂತ ಎಂಟು ದಿನ ಮೊದಲು, 2009ರ ನಂತರ ಅಷ್ಟು ಬೇಗ ಬಂದದ್ದಿಲ್ಲ. ಒಟ್ಟು ಮಳೆ ಕಡಿಮೆಯಾಯಿತೇ ಎಂದು ಕೇಳಿದರೆ ವರ್ಷಕ್ಕೊಂದು ಉತ್ತರ ಸಿಗುತ್ತದೆ. ಮಳೆಯ ದಿನ ಯಾವುದು ಎಂದು ಮೊದಲೇ ಹೇಳಲಾಗದು ಎನ್ನುವುದು ಮಾತ್ರ ಖಚಿತ, ಮತ್ತು ಪಂಚಾಯತಿನ ಕೆಲಸವನ್ನು ಕೆಡಿಸುವುದು ಅದೇ.

2019ರ ಓಟ

ಕೇಂದ್ರದ ಜಲಶಕ್ತಿ ಅಭಿಯಾನ 2019ರ ಜುಲೈ 1ರಂದು ಆರಂಭವಾಯಿತು. ದೇಶದ 256 ಜಿಲ್ಲೆಗಳ 1,592 ನೀರಿನ ಕೊರತೆಯ ಬ್ಲಾಕುಗಳನ್ನು ಅದಕ್ಕೆ ಆರಿಸಿದ್ದರು. ಅದೇ ತಿಂಗಳು ಕಾಸರಗೋಡು ಜಿಲ್ಲಾಡಳಿತ ಕಾಸರಗೋಡು ಮತ್ತು ಮಂಜೇಶ್ವರ ಬ್ಲಾಕುಗಳ 13 ಪಂಚಾಯತುಗಳಲ್ಲಿ ಉದ್ಯೋಗ ಖಾತ್ರಿ ಕೆಲಸಗಾರರ ಕೈಯಲ್ಲಿ 3 ಲಕ್ಷ ಬಿದಿರಿನ ಸಸಿ ನೆಡಿಸಿತು. ರಾಜ್ಯ ಸರ್ಕಾರದ ಹರಿತ ಕೇರಳ ಮಿಷನ್ನಿನ ತೋಡು ಶುಚಿ ಮಾಡುವ ಕೆಲಸ, ಜಿಲ್ಲೆಯಾದ್ಯಂತ ತಾತ್ಕಾಲಿಕ ಕಟ್ಟಗಳ ಉತ್ಸವ ಅದರ ಬೆನ್ನಿಗೇ ಬಂದವು. ಜನ ಸೇರಿದರು, ವಾರ್ಡು ವಾರ್ಡಿನಲ್ಲಿ ತೋಡಿಗಿಳಿದರು. ಅದು ಸಣ್ಣ ಸಂಗತಿಯಲ್ಲ. ಏತಡ್ಕದಂಥ ಊರುಗಳು ಬಿಡದೆ ಉಳಿಸಿಕೊಂಡು ಬಂದಿದ್ದ ಕಟ್ಟದ ಪದ್ಧತಿಗೆ ಸರ್ಕಾರದ ಕಡತದಲ್ಲಿ ಮತ್ತೆ ಜಾಗ ಸಿಕ್ಕಿತು.

ಒಂದು ವರ್ಷದ ಉತ್ಸಾಹವನ್ನು ಪ್ರತಿವರ್ಷದ ಕೆಲಸವಾಗಿ ಉಳಿಸುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಗುತ್ತದೆ. ಅದಕ್ಕೆ ಕಟ್ಟ ಎಂದರೆ ಏನು, ಅದು ನೀರನ್ನು ಏನು ಮಾಡುತ್ತದೆ ಎನ್ನುವುದು ಮೊದಲು ಸ್ಪಷ್ಟವಾಗಬೇಕು.

ಕಟ್ಟದ ಲೆಕ್ಕ

5 ಮೀಟರ್ ಅಗಲದ ತೋಡಿಗೆ 1.5 ಮೀಟರ್ ಎತ್ತರದ ಕಟ್ಟ ಹಾಕಿದರೆ, ಹಿನ್ನೀರು 200 ಮೀಟರ್ ಹೋಗುತ್ತದೆ ಎಂದಿಟ್ಟುಕೊಳ್ಳಿ. ಕಟ್ಟದ ಬುಡದಲ್ಲಿ ಆಳ ಹೆಚ್ಚು, ಬಾಲದಲ್ಲಿ ಸೊನ್ನೆ. ಹಾಗಾಗಿ ಗುಣಿಸಿ ಅರ್ಧ ಮಾಡಬೇಕು. 750 ಘನಮೀಟರ್, ಅಂದರೆ 7.5 ಲಕ್ಷ ಲೀಟರ್. ಕೇಳಲು ದೊಡ್ಡದು. ಆದರೆ ಒಂದು ಎಕರೆ ಅಡಕೆ ತೋಟದಲ್ಲಿ ಸುಮಾರು 550 ಮರ. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೆ 11,000 ಲೀಟರ್ ಬೇಕು. ಕಟ್ಟದಲ್ಲಿ ಕಾಣುವ ನೀರು ಒಂದೇ ಎಕರೆಗೆ 68 ದಿನಕ್ಕೆ ಮುಗಿಯಿತು.

ಆದ್ದರಿಂದ ಕಟ್ಟವನ್ನು ಟ್ಯಾಂಕಿ ಎಂದು ಎಣಿಸಿ ಅದಕ್ಕೇ ಪಂಪು ಇಟ್ಟವರು ಅದರ ಗುಣವನ್ನೇ ಕೆಡಿಸುತ್ತಾರೆ. ಕಟ್ಟ ನಿಜವಾಗಿ ಮಾಡುವ ಕೆಲಸ ಬೇರೆ. ತೋಡಿನ ಮಟ್ಟ ಒಂದೂವರೆ ಮೀಟರ್ ಮೇಲೆ ನಿಂತಾಗ ಎರಡೂ ಬದಿಯ ದರೆಯ (ದಂಡೆಯ) ಒಳಗಿನ ನೀರು ತೋಡಿಗೆ ಬಸಿಯುವುದು ನಿಧಾನವಾಗುತ್ತದೆ. ಕೆಲವೆಡೆ ತೋಡಿನಿಂದಲೇ ದರೆಯೊಳಕ್ಕೆ ನೀರು ಹೋಗುತ್ತದೆ. ಬೈಲಿನ ಕೆರೆ, ಬಾವಿಗಳಲ್ಲಿ ಮಟ್ಟ ಏರುವುದು ಇದರಿಂದ. ಹರಿವು ಇರುವಷ್ಟು ದಿನವೂ ಈ ಕೆಲಸ ನಡೆಯುತ್ತದೆ. ಎಷ್ಟು ಲೀಟರ್ ನಿಂತಿತು ಎಂದು ಕೇಳಿದರೆ ಸಾಲದು, ಎಷ್ಟು ವಾರ ತುಂಬಿ ತುಳುಕುತ್ತಿತ್ತು ಎಂದು ಕೇಳಬೇಕು.

ತಾರೀಕಿನ ಮಾತು ಇಲ್ಲಿ ಬರುತ್ತದೆ. ನವೆಂಬರ್ ಕೊನೆಗೆ ತೋಡಿನಲ್ಲಿ ಸೆಕೆಂಡಿಗೆ 10 ಲೀಟರ್ ಹರಿಯುತ್ತಿದ್ದರೆ ಮೇಲಿನ ಕಟ್ಟ 21 ಗಂಟೆಯಲ್ಲಿ ತುಂಬುತ್ತದೆ. ಒಂದರ ಕೆಳಗೊಂದು ಐದು ಕಟ್ಟಗಳಿದ್ದರೂ ನಾಲ್ಕೈದು ದಿನದಲ್ಲಿ ಎಲ್ಲವೂ ತುಂಬಿ ಹೊರಚೆಲ್ಲುತ್ತವೆ. ಕೆಳಗಿನ ತೋಟದವರಿಗೆ ತಕರಾರಿಲ್ಲ. ಜನವರಿ ಕೊನೆಗೆ ಹರಿವು ಸೆಕೆಂಡಿಗೆ 1 ಲೀಟರಿಗೆ ಇಳಿದ ಮೇಲೆ ಹಾಕಿದರೆ ಒಂದೇ ಕಟ್ಟ ತುಂಬಲು ಒಂಬತ್ತು ದಿನ ಬೇಕು. ಐದಕ್ಕೆ ನಲವತ್ತು ದಿನ ದಾಟುತ್ತದೆ. ಸೋರಿಕೆ, ಪಂಪು, ಬಿಸಿಲು ಸೇರಿದರೆ ಕೊನೆಯ ಕಟ್ಟಕ್ಕೆ ನೀರೇ ಮುಟ್ಟುವುದಿಲ್ಲ. ಮೇಲಿನವರು ನೀರು ತಡೆದರು ಎಂಬ ಜಗಳ ಹುಟ್ಟುವುದೂ ಈ ತಡವಾದ ಕಟ್ಟಗಳಲ್ಲೇ. ಜಗಳವನ್ನು ಸಭೆ ಕರೆದು ಬಗೆಹರಿಸುವುದಕ್ಕಿಂತ ಎರಡು ತಿಂಗಳು ಮೊದಲು ಕಟ್ಟ ಹಾಕುವುದು ಸುಲಭ.

ತೀರ ಬೇಗವೂ ಆಗದು. ಅಕ್ಟೋಬರಿನಲ್ಲಿ ಹಾಕಿದರೆ ತುಲಾ ತಿಂಗಳ ಗುಡುಗು ಮಳೆಗೆ ಕೆಂಪು ನೀರು ಬಂದು ಕಟ್ಟ ಒಡೆಯುತ್ತದೆ, ಇಲ್ಲವೇ ಹೂಳು ತುಂಬುತ್ತದೆ. ನೀರು ತಿಳಿಯಾಗಿ, ಹತ್ತು ದಿನ ಒಂದೇ ಮಟ್ಟದಲ್ಲಿ ನಿಂತು, ಆಮೇಲೆ ಇಳಿಯಲು ಶುರುವಾದಾಗ ಹೊತ್ತು ಸರಿಯಾಯಿತು ಎಂದು ತಿಳಿಯಬೇಕು. ಸಾಮಾನ್ಯವಾಗಿ ಅದು ನವೆಂಬರ್ 20ರಿಂದ ಡಿಸೆಂಬರ್ 10ರ ಒಳಗೆ ಬರುತ್ತದೆ. ಹರಿವು ಅಳೆಯಲು ಯಂತ್ರ ಬೇಡ: ತೋಡನ್ನು ಕಿರಿದು ಮಾಡಿ, ನೀರನ್ನೆಲ್ಲ ಒಂದು ಪೈಪಿಗೆ ತಂದು, 20 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ನೋಡಿದರೆ ಸಾಕು. ಎರಡು ಸೆಕೆಂಡಿಗೆ ತುಂಬಿದರೆ ಹರಿವು 10 ಲೀಟರ್.

ಹಾಕುವ ಬಗೆ, ಒಡೆಯುವ ಬಗೆ

ಜಾಗ: ಎರಡೂ ಬದಿಯಲ್ಲಿ ಗಟ್ಟಿ ದರೆ, ಅಡಿಯಲ್ಲಿ ಬಂಡೆ ಅಥವಾ ಮುರಕಲ್ಲು, ತೋಡು ಕಿರಿದಾಗುವ ಕಡೆ. ತಿರುವಿನಲ್ಲಿ ಬೇಡ, ಹೊರಬದಿಯ ದರೆ ಕೊರೆಯುತ್ತದೆ. ಬರಿಯ ಮರಳಿನ ತಳದಲ್ಲಿಯೂ ಬೇಡ, ನೀರು ಅಡಿಯಿಂದಲೇ ಹೋಗುತ್ತದೆ. ಎರಡು ಕಟ್ಟಗಳ ನಡುವಿನ ಅಂತರಕ್ಕೆ ಲೆಕ್ಕ ಸರಳ: ಕಟ್ಟದ ಎತ್ತರವನ್ನು ತೋಡಿನ ಇಳಿಜಾರಿನಿಂದ ಭಾಗಿಸಬೇಕು. 100 ಮೀಟರಿಗೆ 3 ಮೀಟರ್ ಇಳಿಯುವ ತೋಡಿನಲ್ಲಿ ಒಂದೂವರೆ ಮೀಟರ್ ಕಟ್ಟದ ಹಿನ್ನೀರು ಬರೀ 50 ಮೀಟರ್. ಅಂಥಲ್ಲಿ ಒಂದು ದೊಡ್ಡ ಕಟ್ಟಕ್ಕೆ ದುಡ್ಡು ಸುರಿಯುವ ಬದಲು ನಾಲ್ಕು ಸಣ್ಣವು ಹಾಕುವುದು ಲೇಸು.

ಉದ್ಯೋಗ ಖಾತ್ರಿಯಲ್ಲೂ ಶ್ರಮದಾನದಲ್ಲೂ ಹೆಚ್ಚು ನಡೆದದ್ದು ಚೀಲದ ಕಟ್ಟ. ಖಾಲಿ ಸಿಮೆಂಟ್ ಚೀಲಕ್ಕೆ ಮುಕ್ಕಾಲಿಗಿಂತ ಕಡಿಮೆ ಮಣ್ಣು ತುಂಬಿ ಬಾಯಿ ಹೊಲಿಯಬೇಕು. ಬಿಗಿಯಾಗಿ ತುಂಬಿದ ಚೀಲ ಉರುಟಾಗಿ ಪಕ್ಕದ ಚೀಲಕ್ಕೆ ಕೂರುವುದಿಲ್ಲ, ನಡುವೆ ಸಂದು ಉಳಿಯುತ್ತದೆ. ಹಾಸಿದ ಚೀಲ ಸುಮಾರು 60 ಸೆಂ.ಮೀ. ಉದ್ದ, 40 ಅಗಲ, 15 ದಪ್ಪ. 5 ಮೀಟರ್ ಉದ್ದ, 1.2 ಮೀಟರ್ ಎತ್ತರ, ಸರಾಸರಿ 1 ಮೀಟರ್ ದಪ್ಪದ ಕಟ್ಟಕ್ಕೆ ಎಂಟು ವರಸೆ, ಸುಮಾರು 170 ಚೀಲ. ಬುಡದ ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು. ತಳದ ದರಗು, ಕೆಸರು ಪೂರ್ತಿ ತೆಗೆದು ಗಟ್ಟಿ ನೆಲ ಸಿಕ್ಕಿದ ಮೇಲೆಯೇ ಮೊದಲ ವರಸೆ. ನಡುವೆ ಜೇಡಿಮಣ್ಣನ್ನು ತುಳಿದು ತುಂಬಬೇಕು. ನೀರಿನ ಬದಿಗೆ ದಪ್ಪ ಸಿಲ್ಪಾಲಿನ್ ಶೀಟು ಹೊದೆಸಿ, ಅದರ ಕೆಳಅಂಚನ್ನು ತಳದಲ್ಲಿ ತೆಗೆದ ಒಂದು ಅಡಿ ಚರಂಡಿಗೆ ಇಳಿಸಿ ಮಣ್ಣು ಮುಚ್ಚಬೇಕು. ಶೀಟನ್ನು ತಳದ ಮೇಲೆ ಸುಮ್ಮನೆ ಹಾಸಿ ಕಲ್ಲು ಇಟ್ಟರೆ ಅಡಿಯಿಂದ ನೀರು ನುಗ್ಗಿ ಒಂದೇ ರಾತ್ರಿಯಲ್ಲಿ ಕಟ್ಟ ಕೂರುತ್ತದೆ. ಮಣ್ಣನ್ನು ಅದೇ ತೋಡಿನ ದರೆಯ ಬುಡದಿಂದ ಅಗೆಯಬಾರದು. ತೋಟದ ಕಣಿಯ ಹೂಳು ಇದಕ್ಕೆ ಒಳ್ಳೆಯದು, ಕಣಿಯೂ ಶುಚಿಯಾಗುತ್ತದೆ.

ಒಂದು ಬದಿಯಲ್ಲಿ ಮೇಲಂಚಿಗಿಂತ 25-30 ಸೆಂ.ಮೀ. ತಗ್ಗಾದ ಬಾಯಿ ಬಿಟ್ಟು, ನೀರು ಬೀಳುವಲ್ಲಿ ಕಲ್ಲು ಹಾಸಬೇಕು. ಬೇಸಿಗೆ ತಾನೇ, ಮಳೆ ಎಲ್ಲಿಂದ ಎಂದು ಇದನ್ನು ಬಿಟ್ಟುಬಿಡುವವರಿಗೆ 2024ರ ಡಿಸೆಂಬರ್ ಉತ್ತರ ಕೊಟ್ಟಿದೆ. ಹಾಕಿದ ಮೊದಲ ವಾರ ದಿನವೂ ಒಬ್ಬರು ನೋಡಬೇಕು. ಸೋರಿಕೆಯ ಮೊದಲ ಕಾರಣ ಹೆಚ್ಚಾಗಿ ದರೆಯಲ್ಲಿ ಏಡಿ ಕೊರೆದ ಮಾಟೆ (ತೂತು). ಜೇಡಿಮಣ್ಣಿಗೆ ಬೈಹುಲ್ಲು ಸೇರಿಸಿ ಒತ್ತಿ ಮುಚ್ಚಿದರೆ ನಿಲ್ಲುತ್ತದೆ, ಬಿಟ್ಟರೆ ವಾರದಲ್ಲಿ ಕೈ ಹೋಗುವಷ್ಟು ದೊಡ್ಡದಾಗುತ್ತದೆ.

ಚೀಲದ ಕಟ್ಟದ ದೊಡ್ಡ ದೋಷ ಅದನ್ನು ತೆಗೆಯದೆ ಬಿಡುವುದು. ಪ್ಲಾಸ್ಟಿಕ್ ಚೀಲ ಆರು ತಿಂಗಳ ಬಿಸಿಲಿಗೆ ಪುಡಿಯಾಗುತ್ತದೆ. ಮೊದಲ ನೆರೆಗೆ ಮಣ್ಣು ತೋಡಿಗೆ, ಚೀಲದ ಚಿಂದಿ ಮೋರಿಯ ಬಾಯಿಗೆ, ಉಳಿದದ್ದು ಕಡಲಿಗೆ. ಕಟ್ಟ ಹಾಕಲು ಕೂಲಿಯ ಅಂದಾಜು ಬರೆಯುವವರು ತೆಗೆಯುವ ಕೂಲಿಯನ್ನೂ ಅದೇ ಅಂದಾಜಿನಲ್ಲಿ ಬರೆಯಬೇಕು. ಪತ್ತನಾಜೆಯ (ತುಳು ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸು) ತನಕ ಕಾಯುವ ವಾಡಿಕೆ ಇನ್ನು ಸಾಲದು. 2025ರಲ್ಲಿ ಮುಂಗಾರೇ ಹೆಚ್ಚುಕಡಿಮೆ ಪತ್ತನಾಜೆಯ ಹೊತ್ತಿಗೆ ಬಂದಿಳಿಯಿತು. ಮೇ 10ರೊಳಗೆ ಕಟ್ಟ ಬಿಚ್ಚಬೇಕು.

ಕಾಂಕ್ರೀಟಿನ ಕಂಬಗಳ ಸೀಳಿನೊಳಗೆ ಹಲಗೆ ಇಳಿಸುವ ಶಾಶ್ವತ ಕಟ್ಟಗಳ ತೊಂದರೆ ಬೇರೆ ಬಗೆಯದು. ಅಡಿಗೋಡೆ ಬಂಡೆಯ ತನಕ ಇಳಿಯದಿದ್ದರೆ ಕೆಳಗಿನಿಂದ ಸೋರುತ್ತದೆ. ಕೆಳಬದಿಯ ಹಾಸು ಗಿಡ್ಡವಾದರೆ ನೀರು ಬಿದ್ದಲ್ಲಿ ಗುಂಡಿಯಾಗಿ ಕಂಬವೇ ಅಲುಗುತ್ತದೆ. ಮರದ ಹಲಗೆಗೆ ಗೆದ್ದಲು, ಕಳವು. ಫೈಬರ್ ಹಲಗೆ ಬಾಳುತ್ತದೆ, ಆದರೆ ಒಂದು ಕಾಣೆಯಾದರೆ ಅದೇ ಅಳತೆಯದು ಪೇಟೆಯಲ್ಲಿ ಸಿಗುವುದಿಲ್ಲ. ಎರಡು ಸಾಲು ಹಲಗೆ ಇಳಿಸಿ ನಡುವೆ ಒಂದು ಗೇಣು ಜೇಡಿಮಣ್ಣು ತುಂಬುವ ಹಳೆಯ ಕ್ರಮ ಇಂದಿಗೂ ಎಲ್ಲಕ್ಕಿಂತ ಕಡಿಮೆ ಸೋರುತ್ತದೆ. ಹಲಗೆಯನ್ನು ತೆಗೆಯದೆ ಬಿಟ್ಟ ವರ್ಷ ಜೂನ್ ನೆರೆ ಕಟ್ಟವನ್ನು ಬಿಟ್ಟು ದರೆಯನ್ನು ಕೊರೆದು ಪಕ್ಕದ ತೋಟಕ್ಕೆ ನುಗ್ಗುತ್ತದೆ. ಆ ತೋಟದವರು ಮರುವರ್ಷ ಹಲಗೆ ಇಳಿಸಲು ಬಿಡುವುದಿಲ್ಲ. ಲಕ್ಷಗಟ್ಟಲೆ ಖರ್ಚಿನ ಕಟ್ಟ ಬರೀ ಕಾಲುಸಂಕವಾಗಿ ಉಳಿಯುತ್ತದೆ. ಹಲಗೆ ಯಾರ ಮನೆಯ ಕೊಟ್ಟಿಗೆಯಲ್ಲಿ, ಎಷ್ಟು, ಇಳಿಸುವವರು ಯಾರು ಎಂದು ಬರೆದಿಡದ ಕಟ್ಟಕ್ಕೆ ದುಡ್ಡು ಕೊಡಬಾರದು ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಕಡತದ ದಾರಿ

ಕೇರಳದಲ್ಲಿ ಪಂಚಾಯತಿನ ಯೋಜನೆ ವಾರ್ಡಿನ ಗ್ರಾಮಸಭೆಯಲ್ಲಿ ಹುಟ್ಟಿ, ವರ್ಕಿಂಗ್ ಗ್ರೂಪು, ಅಭಿವೃದ್ಧಿ ಸೆಮಿನಾರು, ಪಂಚಾಯತ್ ಮಂಡಳಿ ದಾಟಿ, ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ ಪಡೆದು, ತಾಂತ್ರಿಕ ಮಂಜೂರಾತಿ, ಟೆಂಡರು ಎಂದು ಸಾಗುತ್ತದೆ. ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಎಲ್ಲಿ ಸ್ವಲ್ಪ ತಡವಾದರೂ ಕೆಲಸದ ಆದೇಶ ಜನವರಿ, ಫೆಬ್ರವರಿಗೆ ಬೀಳುತ್ತದೆ. ಕಾಂಕ್ರೀಟಿಗೆ ಅದೇ ಸರಿಯಾದ ಹೊತ್ತು, ತೋಡು ಒಣಗಿರಬೇಕು. ಚೀಲದ ಕಟ್ಟಕ್ಕೂ ಹಲಗೆ ಇಳಿಸುವುದಕ್ಕೂ ಅದು ಪೂರ್ತಿ ತಪ್ಪಿದ ಹೊತ್ತು. ಎರಡನ್ನೂ ಒಂದೇ ಯೋಜನೆಯ ತಲೆಬರಹದಲ್ಲಿ ಕಟ್ಟಿಹಾಕುವುದರಿಂದಲೇ ಫೆಬ್ರವರಿಯಲ್ಲಿ ಒಣ ತೋಡಿಗೆ ಚೀಲ ಪೇರಿಸುವ ಕೆಲಸ ನಡೆಯುತ್ತದೆ.

ಐದು ವರ್ಷಕ್ಕೊಮ್ಮೆ ಇನ್ನೊಂದು ಅಡ್ಡಿ ಇದೆ. ಪಂಚಾಯತ್ ಚುನಾವಣೆ 2015ರಲ್ಲಿ ನವೆಂಬರಿಗೆ, 2020 ಮತ್ತು 2025ರಲ್ಲಿ ಡಿಸೆಂಬರಿಗೆ ಬಂತು. ಕಟ್ಟ ಹಾಕಬೇಕಾದ ವಾರಗಳಲ್ಲೇ ನೀತಿಸಂಹಿತೆ, ಹಳೆಯ ಮಂಡಳಿ ಹೋಗಿ ಹೊಸತು ಬರುವ ಸಂಧಿ. ಮುಂದಿನದ್ದೂ ಅದೇ ಹೊತ್ತಿಗೆ ಬರುತ್ತದೆಂದು ಈಗಲೇ ಲೆಕ್ಕ ಹಾಕಬಹುದು.

ಬಿಡಿಸುವ ದಾರಿ ಇದೆ. ಕಾಂಕ್ರೀಟಿನ ಕೆಲಸ ಅಭಿವೃದ್ಧಿ ನಿಧಿಯಲ್ಲಿರಲಿ. ಹಲಗೆ ಇಳಿಸುವುದು, ತೆಗೆಯುವುದು, ಜೇಡಿಮಣ್ಣು, ದುರಸ್ತಿ ಇವನ್ನು ರಸ್ತೆಯೇತರ ನಿರ್ವಹಣಾ ನಿಧಿಯಲ್ಲಿ ಪ್ರತಿವರ್ಷದ ಖರ್ಚಾಗಿ ಇಡಬೇಕು. ಅದಕ್ಕೆ ಕಟ್ಟ ಪಂಚಾಯತಿನ ಆಸ್ತಿ ವಹಿಯಲ್ಲಿ ನಮೂದಾಗಿರಬೇಕು. ಹಲವು ಕಟ್ಟಗಳು ಬೇರೆ ಬೇರೆ ಇಲಾಖೆಗಳ ಕಾಲದಲ್ಲಿ ಆಗಿ ಯಾರ ವಹಿಯಲ್ಲೂ ಇಲ್ಲದೆ ಉಳಿಯುತ್ತವೆ, ಮೊದಲ ಕೆಲಸ ಅದನ್ನು ಸರಿಪಡಿಸುವುದು. ಚೀಲದ ಕಟ್ಟಕ್ಕೆ ಉದ್ಯೋಗ ಖಾತ್ರಿ ಹೊಂದುತ್ತಿದ್ದದ್ದು ಅದರ ಕೂಲಿ 60, ಸಾಮಗ್ರಿ 40ರ ನಿಯಮದಿಂದ: ಇಲ್ಲಿ ಖರ್ಚಿನ ಬಹುಪಾಲು ಕೂಲಿಯೇ. ಅಂದಾಜುಪಟ್ಟಿ ಆಗಸ್ಟಿನಲ್ಲೇ ತಯಾರಾಗಿ, ಸೆಪ್ಟೆಂಬರಿನಲ್ಲಿ ಮಂಜೂರಾಗಿ, ಚೀಲ ಅಕ್ಟೋಬರಿನಲ್ಲಿ ಬಂದಿರಬೇಕು. ಗ್ರಾಮಸಭೆಯ ನೋಟೀಸು ಮಲಯಾಳದ ಜೊತೆಗೆ ಕನ್ನಡದಲ್ಲೂ ಹೋಗಬೇಕು. ಬದಿಯಡ್ಕ, ಕುಂಬಳೆಯ ಒಳಭಾಗದಲ್ಲಿ ತೋಡಿನ ಬದಿಯ ತೋಟದವರಲ್ಲಿ ಬಹಳ ಮಂದಿ ಓದುವುದು ಕನ್ನಡವನ್ನೇ, ಮತ್ತು ಕಟ್ಟ ಎಲ್ಲಿ ನಿಲ್ಲುತ್ತದೆ ಎಂದು ಬಲ್ಲವರೂ ಅವರೇ.

ಗುಡ್ಡೆಯ ಮೇಲೆ

ಒಂದು ಎಕರೆ ಪಾರೆಯ ಮೇಲೆ ವರ್ಷಕ್ಕೆ ಬೀಳುವ ಮಳೆ ಸುಮಾರು 1.4 ಕೋಟಿ ಲೀಟರ್. ತೋಡಿನಲ್ಲಿ ಹಿಡಿಯುವುದಕ್ಕಿಂತ ಮೇಲೆಯೇ ಇಂಗಿಸುವುದು ಒಳ್ಳೆಯದು ಎನ್ನುವುದು ಸರಿಯೇ. 2 ಮೀಟರ್ ಉದ್ದ, 60 ಸೆಂ.ಮೀ. ಅಗಲ, ಅಷ್ಟೇ ಆಳದ ಇಂಗುಗುಂಡಿ ಒಂದು ಸಲಕ್ಕೆ 720 ಲೀಟರ್ ಹಿಡಿಯುತ್ತದೆ, ಮಳೆಗಾಲದಲ್ಲಿ ಹಲವು ಸಲ ತುಂಬಿ ಬತ್ತುತ್ತದೆ. ಸಮಮಟ್ಟದ ಗೆರೆಯಲ್ಲಿ, ಮೇಲಿನ ಸಾಲಿನ ಸಂದಿಗೆ ಕೆಳಗಿನ ಗುಂಡಿ ಬರುವಂತೆ ತೋಡಬೇಕು. ಆಗುವ ತಪ್ಪು ಒಂದೇ, ಆದರೆ ಎಲ್ಲೆಡೆ ಆಗುತ್ತದೆ: ಪಾರೆಯಲ್ಲಿ ಪಿಕ್ಕಾಸು ಇಳಿಯುವುದಿಲ್ಲ, ಕೂಲಿ ಲೆಕ್ಕ ಘನಮೀಟರಿಗೆ, ಹಾಗಾಗಿ ಮಣ್ಣು ಮೆತ್ತಗಿರುವ ಗುಡ್ಡೆಯ ಬುಡದಲ್ಲೇ ಗುಂಡಿಗಳು ಸಾಲಾಗಿ ಬರುತ್ತವೆ. ಅಲ್ಲಿ ಇಂಗಿದ ನೀರು ವಾರದಲ್ಲಿ ತೋಡಿಗೆ ಇಳಿಯುತ್ತದೆ. ಮೇಲಿನ ಕೆಲಸಕ್ಕೆ ಹಳೆಯ ಮದಕಗಳ (ಗುಡ್ಡೆಯ ಕೆರೆಗಳ) ಹೂಳು ತೆಗೆಯುವುದು, ಬಿಟ್ಟುಹೋದ ಕೆಂಪುಕಲ್ಲಿನ ಕೋರೆಗಳಿಗೆ ಸುತ್ತಿನ ನೀರನ್ನು ತಿರುಗಿಸುವುದು ಹೆಚ್ಚು ಫಲ ಕೊಡುತ್ತದೆ. ಕೋರೆಗೆ ಬೇಲಿ ಹಾಕುವುದು ಮರೆಯಬಾರದು, ಮಕ್ಕಳು ಬೀಳುವ ಆಳ ಅದು.

ಎಲ್ಲ ಗುಡ್ಡೆಯಲ್ಲೂ ಇಂಗಿಸಬಾರದು. ಕಡಿದಾದ ಇಳಿಜಾರು, ಕೆಳಗೆ ದರೆ ಕಡಿದು ಕಟ್ಟಿದ ಮನೆ, ನಡುವೆ ಶೇಡಿ ಮಣ್ಣು ಇದ್ದರೆ ಮೇಲೆ ತೋಡಿದ ಗುಂಡಿಯೇ ಕುಸಿತಕ್ಕೆ ಕಾರಣವಾದೀತು. ನೀರು ಶೇಡಿಯನ್ನು ಕರಗಿಸಿ ಒಳಗೇ ಪೊಳ್ಳು ಮಾಡುತ್ತದೆ, ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ದರೆಯಲ್ಲಿ ಹೊಸದಾಗಿ ಕೆಸರು ನೀರು ಒಸರಿದರೆ ಮೇಲಿನ ಗುಂಡಿಗಳನ್ನು ಕೂಡಲೇ ಒಡೆದು ನೀರು ಹೊರಬಿಡಬೇಕು.

ಸುರಂಗಗಳ ಬಗ್ಗೆ ಪಂಚಾಯತುಗಳು ಮಾಡಿದ್ದು ಕಡಿಮೆ. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಕೊರೆದ, ಆಳೆತ್ತರದ, ಒಬ್ಬ ನುಸುಳುವಷ್ಟೇ ಅಗಲದ ಈ ದಾರಿಗಳು ಪಂಪಿಲ್ಲದೆ, ಕರೆಂಟಿಲ್ಲದೆ ನೀರು ಕೊಡುತ್ತವೆ. ಖಾಸಗಿ ಜಾಗದಲ್ಲಿರುವುದರಿಂದ ಸರ್ಕಾರದ ದುಡ್ಡು ಅಲ್ಲಿಗೆ ಹೋಗುವುದು ಕಷ್ಟ. ಆದರೆ ವಾರ್ಡಿನ ನಕ್ಷೆಯಲ್ಲಿ ಅವನ್ನು ಗುರುತಿಸುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕೊಳವೆಬಾವಿಗೆ ಜಾಗ ನೋಡುವಾಗ, ಕೋರೆಗೆ ಅನುಮತಿ ಕೊಡುವಾಗ, ಆ ನಕ್ಷೆ ಮೇಜಿನ ಮೇಲಿರಬೇಕು.

ಬಿದಿರಿನ ವಿಷಯದಲ್ಲಿ ಎಚ್ಚರದ ಮಾತು. ತೋಡಿನ ದರೆ ಹಿಡಿದಿಡಲು ಅದಕ್ಕಿಂತ ಒಳ್ಳೆಯ ಬೇರಿಲ್ಲ. ಬರಿಯ ಪಾರೆಯಲ್ಲಿ ಅದು ಏಳಬೇಕಾದರೆ 60 ಸೆಂ.ಮೀ. ಗುಂಡಿಗೆ ಹೊರಗಿನ ಮಣ್ಣು, ದರಗು ತುಂಬಿ, ಮೊದಲ ಎರಡು ಬೇಸಿಗೆ ಬುಡಕ್ಕೆ ಮುಚ್ಚಿಗೆ ಕೊಟ್ಟು, ದನಕ್ಕೂ ಮುಳಿಹುಲ್ಲಿನ ಬೆಂಕಿಗೂ ಸಿಗದಂತೆ ಕಾಯಬೇಕು. ನೆಟ್ಟ ಲೆಕ್ಕ ಜುಲೈಯಲ್ಲಿ ಸಿಗುತ್ತದೆ. ಲೆಕ್ಕಕ್ಕೆ ಬರುವುದು ಮೂರನೆಯ ಮೇ ತಿಂಗಳಲ್ಲಿ ಹಸಿರಾಗಿ ನಿಂತದ್ದು ಮಾತ್ರ. ಬೇಸಿಗೆಯ ನೀರಿಗೆ ಬಿದಿರನ್ನು ನೆಚ್ಚಿ ಕಟ್ಟವನ್ನು ಬಿಡುವಂತಿಲ್ಲ.

ತೋಟದ ಒಳಗೆ, ನೆರೆಯ ದಿನ

ಮರಕ್ಕೆ 175 ಲೀಟರಿನಂತೆ ನಾಲ್ಕು ದಿನಕ್ಕೊಮ್ಮೆ ಬಿಡುವ ತೋಟಕ್ಕೆ ಎಕರೆಗೆ ದಿನಕ್ಕೆ ಸರಾಸರಿ 24,000 ಲೀಟರ್ ಬೇಕು. ಹನಿಯಲ್ಲಿ 11,000. ಉಳಿಯುವ 13,000 ಲೀಟರ್ ಯಾವ ಕಟ್ಟ ಕೊಡುವುದಕ್ಕಿಂತಲೂ ಹೆಚ್ಚು ನಂಬಬಹುದಾದದ್ದು. ಕೃಷಿ ಭವನದ ಸಹಾಯಧನದಲ್ಲಿ ಪೈಪು ಬರುತ್ತದೆ, ಸೋಸುವ ಭಾಗಕ್ಕೆ ಗಮನ ಹೋಗುವುದಿಲ್ಲ. ತೋಡಿನ ನೀರಿನ ಪಾಚಿ, ಹೂಳು ಒಂದೇ ತಿಂಗಳಲ್ಲಿ ಹನಿಬಾಯಿ ಕಟ್ಟುತ್ತದೆ, ಜನ ಮತ್ತೆ ಹೋಸ್ ಪೈಪಿನಲ್ಲಿ ನೀರು ಬಿಡುತ್ತಾರೆ. ಮರಳಿನ ಫಿಲ್ಟರ್ ಇಲ್ಲದ ಹನಿ ಅಂದಾಜನ್ನು ಮಂಜೂರು ಮಾಡಬಾರದು. ಮನೆಯ ಬಾವಿಗೆ ಮಾಡಿನ (ಛಾವಣಿಯ) ನೀರು ಇಳಿಸುವುದೂ ಹೀಗೆಯೇ: 100 ಚದರ ಮೀಟರ್ ಮಾಡಿನಿಂದ ಶೇಕಡಾ 80 ಸಿಕ್ಕರೂ ವರ್ಷಕ್ಕೆ 2.8 ಲಕ್ಷ ಲೀಟರ್. ಮೊದಲ ಎರಡು ಮೂರು ಮಳೆಯ ನೀರು ಹೊರಗೆ ಹೋಗಲಿ, ಆಮೇಲೆ ಜಲ್ಲಿ, ಇದ್ದಿಲು, ಮರಳಿನ ಡ್ರಮ್ಮಿನ ಮೂಲಕ ಬಾವಿಗೆ.

ನೆರೆಯ ಕಡೆಗೆ ಮಧೂರನ್ನು ನೋಡಬೇಕು. ಜೋರು ಮಳೆಗೆ ಮಧುವಾಹಿನಿ ಉಕ್ಕಿ ದೇವಸ್ಥಾನದ ಅಂಗಳಕ್ಕೆ ನೀರು ಬರುವುದು ಎಲ್ಲರಿಗೂ ಗೊತ್ತು. 2020ರಲ್ಲಿ ಕೇರಳದ ಸ್ಥಳೀಯ ಸಂಸ್ಥೆಗಳೆಲ್ಲ ‘ನಮ್ಮಳ್ ನಮುಕ್ಕಾಯಿ’ ಅಭಿಯಾನದಲ್ಲಿ ವಿಪತ್ತು ನಿರ್ವಹಣಾ ಯೋಜನೆ ಬರೆದವು. ಅದರಲ್ಲಿ ಆಶ್ರಯ ಶಾಲೆ, ದೋಣಿ, ಫೋನ್ ನಂಬರುಗಳಿರುತ್ತವೆ. ತೋಡಿನ ಮೇಲಿನ ಕಟ್ಟಗಳ ಪಟ್ಟಿ, ಹಲಗೆ ತೆಗೆದಾಗಿದೆಯೇ ಎಂಬ ಒಂದು ಸಾಲು, ಮೋರಿಗಳ ಪಟ್ಟಿ ಅದೇ ಯೋಜನೆಗೆ ಸೇರಬೇಕು. 24 ಗಂಟೆಯಲ್ಲಿ 204.4 ಮಿ.ಮೀ. ಮೀರುವ ಮಳೆಗೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ದಿನ ಹಲಗೆ ತೆಗೆಯಲು ಓಡಿದರೆ ಪ್ರಾಣಕ್ಕೇ ಅಪಾಯ. ನೀರಿನ ಒತ್ತಡಕ್ಕೆ ಹಲಗೆ ಮೇಲೆ ಬರುವುದೂ ಇಲ್ಲ.

ದಾಖಲೆ

ಯಾವ ಕಟ್ಟ ಫಲ ಕೊಟ್ಟಿತು ಎಂದು ಹೇಳಲು ಬೇಕಾದದ್ದು ಒಂದು ನೋಟುಪುಸ್ತಕ, ಒಂದು ಹಗ್ಗ. ಪ್ರತಿ ತೋಡಿಗೆ ನಾಲ್ಕು ಬಾವಿ ಆರಿಸಬೇಕು: ಎರಡು ತೋಡಿನಿಂದ 50 ಮೀಟರ್ ಒಳಗೆ, ಒಂದು 200 ಮೀಟರ್ ಆಚೆ, ಒಂದು ಕಟ್ಟವೇ ಇಲ್ಲದ ಪಕ್ಕದ ತೋಡಿನ ಬದಿಯದ್ದು. ಬಾವಿಕಟ್ಟೆಯ ಮೇಲೆ ಬಣ್ಣದ ಗುರುತು ಹಾಕಿ ಅಲ್ಲಿಂದಲೇ ನೀರಿನ ತನಕ ಅಳೆಯಬೇಕು. ನವೆಂಬರ್ 15ರಿಂದ ಮೇ 15ರ ತನಕ ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಪಂಪು ಹಾಕುವ ಮೊದಲು. ಸಂಜೆ ಅಳೆದರೆ ಪಂಪಿನ ಮಟ್ಟ ಸಿಗುತ್ತದೆ, ಭೂಮಿಯ ಮಟ್ಟವಲ್ಲ. ಅದೇ ಪುಟದಲ್ಲಿ ಕಟ್ಟ ಹಾಕಿದ ತಾರೀಕು, ತುಂಬಿದ ತಾರೀಕು, ಹೊರಚೆಲ್ಲುವುದು ನಿಂತ ತಾರೀಕು, ತೆಗೆದ ತಾರೀಕು. ಕುಟುಂಬಶ್ರೀ ಮಹಿಳಾ ಸಂಘಗಳ ಸದಸ್ಯೆಯರಾಗಲಿ ಶಾಲೆಯ ಮಕ್ಕಳಾಗಲಿ ಇದನ್ನು ಮಾಡಬಲ್ಲರು. ಆಗಸ್ಟಿನಲ್ಲಿ ಮುಂದಿನ ಅಂದಾಜುಪಟ್ಟಿ ಬರೆಯಲು ಕೂರುವಾಗ ವಾರ್ಡ್ ಸದಸ್ಯರು ಈ ಪುಸ್ತಕವನ್ನು ಓವರ್‌ಸಿಯರ್ ಮುಂದೆ ತೆರೆದಿಡಬೇಕು. ಯಾವ ಕಟ್ಟವನ್ನು ಎತ್ತರಿಸಬೇಕು, ಯಾವುದನ್ನು ಬಿಡಬೇಕು ಎಂದು ಅಲ್ಲೇ ತೀರ್ಮಾನವಾಗುತ್ತದೆ.